ಬ್ಯಾಂಕು ಮುಳುಗಿದರೆ ಇಟ್ಟ ದುಡ್ಡೂ ಮುಳುಗುತ್ತದೆಯೇ? – ಒಂದು ಚಾರಿತ್ರಿಕ ನೋಟ

ನಮ್ಮ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಚರಿತ್ರೆಗೆ ಸಂಬಂಧಪಟ್ಟ ಒಂದು ಲೇಖನ ಬೇಕೆಂದು ಸಂಚಿಕೆ ಸಮಿತಿಯವರು ಕೇಳಿದಾಗ, ಸೋಮನಾಥಪುರದವರಾದ ನಮಗೆ ಸಹಜವಾಗಿಯೇ ಮೊದಲು ಹೊಳೆದದ್ದು ಕೇಶವ ದೇವಾಲಯ. ಆದರೆ ಅದರ ಬಗ್ಗೆ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ, ಮುಂದೆಯೂ ಬರೆಯುತ್ತಾರೆ. ಏನು ಬರೆಯೋಣ ಎಂದು ಯೋಚಿಸುತ್ತಿದ್ದ ದಿವಸಗಳಲ್ಲೇ ಸಂಘದ ಜಗಲಿಯಲ್ಲಿ ಒಂದು ಮಾತು ಕಿವಿಗೆ ಬಿತ್ತು. ವಯಸ್ಸಾದ ಸದಸ್ಯೆಯೊಬ್ಬರು ಠೇವಣಿ ರಶೀದಿ ಬದಲಾಯಿಸಿಕೊಳ್ಳಲು ಬಂದಿದ್ದರು. ಸೆರಗಿನ ತುದಿಯಲ್ಲಿ ಸುತ್ತಿಟ್ಟಿದ್ದ ರಶೀದಿಯನ್ನು ಬಿಚ್ಚುತ್ತಾ, "ಟೀವೀಲಿ ಬ್ಯಾಂಕು ಮುಳುಗೋಯ್ತು ಮುಳುಗೋಯ್ತು ಅಂತಾರಲ್ಲಪ್ಪ, ನಮ್ ದುಡ್ಡೂ ಹಂಗೇ ಓಯ್ತದಾ?" ಎಂದು ಕೇಳಿದರು. "ಅಂಥಾದ್ದೇನೂ ಆಗಲ್ಲ, ಹೋಗಿ ಬನ್ನಿ ಅಮ್ಮ" ಎಂದು ಅಲ್ಲಿದ್ದವರೆಲ್ಲ ನಕ್ಕು ಕಳಿಸಿದೆವು. ಆಕೆ ನಂಬಿ ಹೋದರು. ನಮಗೆ ಮಾತ್ರ ರಾತ್ರಿ ಆ ಪ್ರಶ್ನೆ ಬಿಡಲಿಲ್ಲ. ಆಕೆ ಕೇಳಿದ್ದರಲ್ಲಿ ತಪ್ಪೇನಿತ್ತು? ನಾವು ಕೊಟ್ಟ ಉತ್ತರದಲ್ಲಿ ನಿಜವೆಷ್ಟಿತ್ತು?

ಹಬ್ಬದ ಮನೆಯಲ್ಲಿ ಮುಳುಗುವ ಮಾತೇಕೆ ಎಂದು ಒಬ್ಬಿಬ್ಬರು ಸ್ನೇಹಿತರು ಆಕ್ಷೇಪಣೆ ಎತ್ತಿದರು. ಆದರೆ ಇಪ್ಪತ್ತೈದು ವರ್ಷ ಊರಿನವರ ದುಡ್ಡನ್ನು ಕಾದ ಸಂಸ್ಥೆ ಈ ಪ್ರಶ್ನೆಗೆ ಹೆದರಬೇಕಾಗಿಲ್ಲ. ಆದ್ದರಿಂದ ನಮಗೆ ತಿಳಿದಷ್ಟನ್ನು ಚರಿತ್ರೆಯ ಆಧಾರದಿಂದಲೇ ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇವೆ.

ಶಾಸನದ ಕಾಲದ ಠೇವಣಿ

ದುಡ್ಡನ್ನು ಇನ್ನೊಬ್ಬರ ಕೈಲಿಟ್ಟು ಬಡ್ಡಿ ಪಡೆಯುವುದು ಇಂಗ್ಲಿಷರು ಬಂದ ಮೇಲೆ ಕಲಿತ ವಿದ್ಯೆಯಲ್ಲ. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕನಾಗಿದ್ದ ಸೋಮನಾಥನು 13ನೇ ಶತಮಾನದಲ್ಲಿ ಇಲ್ಲಿ ಅಗ್ರಹಾರ ಮಾಡಿ ಕೇಶವ ದೇವಾಲಯ ಕಟ್ಟಿಸಿದ ಸಂಗತಿ ಎಲ್ಲರಿಗೂ ಗೊತ್ತು. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆಗೆ ಇದು ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಆ ಕಾಲದ ಕನ್ನಡ ನಾಡಿನ ಶಾಸನಗಳನ್ನು ನೋಡಿದರೆ ಒಂದು ವ್ಯವಸ್ಥೆ ಮತ್ತೆ ಮತ್ತೆ ಕಾಣುತ್ತದೆ. ದೇವರ ನಂದಾದೀವಿಗೆಗೆಂದೋ ಹೂವಿನ ಸೇವೆಗೆಂದೋ ಭಕ್ತರು ಇಂತಿಷ್ಟು ಗದ್ಯಾಣವನ್ನು ಊರಿನ ಮಹಾಜನರ ಕೈಗೆ ಒಪ್ಪಿಸುವುದು, ಅಸಲನ್ನು ಮುಟ್ಟದೆ ಅದರ ಬಡ್ಡಿಯಿಂದ ದೀಪ ಉರಿಸುವುದು. ಇಂದಿನ ಮಾತಿನಲ್ಲಿ ಹೇಳುವುದಾದರೆ ಇದೂ ಒಂದು ಶಾಶ್ವತ ಠೇವಣಿಯೇ.

ಹಾಗಾದರೆ ಮಹಾಜನರು ಆ ದುಡ್ಡನ್ನು ನುಂಗಿದರೆ? ಅದಕ್ಕೂ ಶಾಸನದಲ್ಲೇ ಜಾಗವಿತ್ತು. ಈ ಧರ್ಮವನ್ನು ಕೆಡಿಸಿದವರಿಗೆ ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪ ಬರಲಿ ಎಂಬ ಶಾಪದೊಂದಿಗೆ ಅನೇಕ ಶಾಸನಗಳು ಮುಗಿಯುತ್ತವೆ. ಆ ಕಾಲದ ಠೇವಣಿ ವಿಮೆ ಅಂದರೆ ಶಾಪ! ಪಾಪಕ್ಕೆ ಹೆದರುವ ಜನ ಇರುವ ತನಕ ಅದು ನಡೆಯಿತು. ಹೆದರದವರು ಬಂದ ಮೇಲೆ ಬೇರೆ ಉಪಾಯ ಹುಡುಕಬೇಕಾಯಿತು. ಆ ಉಪಾಯಗಳ ಚರಿತ್ರೆಯೇ ಈ ಲೇಖನದ ವಸ್ತು.

1906: ಒಂದೇ ವರ್ಷದ ಎರಡು ಮುಖ

ದಕ್ಷಿಣ ಭಾರತದ ಜನ ಬ್ಯಾಂಕು ಮುಳುಗುವುದೆಂದರೇನೆಂದು ಚೆನ್ನಾಗಿ ಅರಿತದ್ದು 1906ರಲ್ಲಿ. ಮದರಾಸಿನ ಆರ್ಬತ್‌ನಾಟ್ ಅಂಡ್ ಕಂಪೆನಿ ದೊಡ್ಡ ಹೆಸರಿನ ಸಂಸ್ಥೆ. ಬಿಳಿಯರ ಕಂಪೆನಿ, ಸರ್ ಪದವಿಯ ಯಜಮಾನರು, ಇದಕ್ಕಿಂತ ಭದ್ರ ಇನ್ನೇನು ಬೇಕು ಎಂದು ನೌಕರರು, ನಿವೃತ್ತರು, ವಿಧವೆಯರು, ದೇವಸ್ಥಾನದ ಧರ್ಮದರ್ಶಿಗಳು ಸಹ ತಮ್ಮ ಉಳಿತಾಯವನ್ನು ಅಲ್ಲಿಟ್ಟಿದ್ದರು. ಆ ವರ್ಷ ಅಕ್ಟೋಬರ್ 22ರಂದು ಕಂಪೆನಿ ಬಾಗಿಲು ಹಾಕಿತು. ಜನರ ದುಡ್ಡು ದೂರ ದೇಶಗಳ ಲಾಭದ ಆಸೆಯ ವ್ಯವಹಾರಗಳಲ್ಲಿ ಕರಗಿಹೋಗಿತ್ತು. ಯಜಮಾನ ಸರ್ ಜಾರ್ಜ್ ಆರ್ಬತ್‌ನಾಟ್‌ಗೆ 18 ತಿಂಗಳ ಕಠಿಣ ಶಿಕ್ಷೆಯಾಯಿತು. ಆತ ಜೈಲಿಗೆ ಹೋದದ್ದು ಸರಿ, ಆದರೆ ಅದರಿಂದ ಠೇವಣಿದಾರನ ಅಡುಗೆಮನೆಯಲ್ಲಿ ಒಲೆ ಉರಿಯಲಿಲ್ಲ. ಇದನ್ನು ಮರೆಯಬಾರದು. ಶಿಕ್ಷೆ ಬೇರೆ, ದುಡ್ಡು ವಾಪಸು ಬರುವುದು ಬೇರೆ.

ಅದೇ 1906ರಲ್ಲಿ ನಮ್ಮ ಕರಾವಳಿಯಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. ಮಾರ್ಚ್‌ನಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆಯನ್ನು ಆರಂಭಿಸಿದರು. ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಮೂಲವಾದ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಕಟ್ಟಿದರು. ಊರಿನವರ ಉಳಿತಾಯ ಊರಿನವರ ಕಣ್ಣೆದುರಿಗೇ ಇರಲಿ ಎಂಬುದು ಇಂಥವರ ಆಶಯ. ಈ ಕಡೆ 1913ರ ಕೊನೆಯಲ್ಲಿ ಲಾಹೋರು, ಮುಂಬಯಿಗಳಲ್ಲಿ ಸಾಲುಸಾಲಾಗಿ ಬ್ಯಾಂಕುಗಳು ಬೀಳುತ್ತಿದ್ದಾಗಲೇ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಅದೇ ವರ್ಷ ಅಕ್ಟೋಬರ್ 2ರಂದು ಮೈಸೂರು ಬ್ಯಾಂಕು ಕೆಲಸ ಆರಂಭಿಸಿತು. ನಮ್ಮ ಹಿರಿಯರ ಬಾಯಲ್ಲಿ 'ಮೈಸೂರು ಬ್ಯಾಂಕು' ಅಂದರೆ ಸರ್ಕಾರದ ಖಜಾನೆ ಇದ್ದಂತೆ. ಆ ಬ್ಯಾಂಕು 1960ರಲ್ಲಿ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಗಿ, 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲೇ ವಿಲೀನವಾಯಿತು. ಹೆಸರು ಹೋಯಿತು, ಠೇವಣಿ ಮಾತ್ರ ಯಾರದ್ದೂ ಹೋಗಲಿಲ್ಲ.

ಎಲ್ಲರ ಹೊಣೆ ಎಲ್ಲರ ಮೇಲೆ

ಪಟ್ಟಣದಲ್ಲಿ ಬ್ಯಾಂಕು ಬಂದರೂ ಹಳ್ಳಿಯವನಿಗೆ ಸಾಹುಕಾರನ ಮನೆಯೇ ಗತಿ. ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಸರ್ಕಾರದ ಸಾಲದ ನೆರವಿನಿಂದ ಕೃಷಿ ಬ್ಯಾಂಕುಗಳನ್ನು ಮಾಡಿದರು. ಅವು ನಿಲ್ಲಲಿಲ್ಲ. ದುಡ್ಡು ಸರ್ಕಾರದ್ದು, ಸಾಲ ತಾವು ತಾವೇ ಹಂಚಿಕೊಂಡದ್ದು, ವಾಪಸು ಕೇಳುವವರಿಲ್ಲ. ಯಾರದೋ ದುಡ್ಡು ಎಂಬ ಭಾವನೆ ಬಂದ ಕಡೆ ಬ್ಯಾಂಕು ಉಳಿಯುವುದಿಲ್ಲವೆಂಬುದಕ್ಕೆ ಇದು ನಮ್ಮ ಸಂಸ್ಥಾನದ ಮೊದಲ ಪಾಠ.

ಆಮೇಲೆ 1904ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಸಹಕಾರ ಸಂಘಗಳ ಕಾಯಿದೆ ಬಂತು. 1905ರ ಮೇ ತಿಂಗಳಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಅದೇ 1905ರಲ್ಲಿ ಮೈಸೂರು ಸಂಸ್ಥಾನವೂ ತನ್ನದೇ ಸಹಕಾರ ರೆಗ್ಯುಲೇಷನ್ ಜಾರಿಗೆ ತಂದಿತು.

ಆ ಕಾಲದ ಹಳ್ಳಿ ಸಂಘಗಳ ಒಂದು ನಿಯಮವನ್ನು ಇಂದಿನ ಸದಸ್ಯರು ಕೇಳಿದರೆ ಬೆಚ್ಚಿಬೀಳುತ್ತಾರೆ. ಅದೇ ಅಪರಿಮಿತ ಹೊಣೆಗಾರಿಕೆ. ಜರ್ಮನಿಯಲ್ಲಿ ರೈಫೈಸನ್ ಎಂಬ ಮಹನೀಯರು ಹಳ್ಳಿಗರ ಪತ್ತಿನ ಸಂಘಗಳನ್ನು ಕಟ್ಟಿದಾಗ ಇಟ್ಟ ಪದ್ಧತಿ ಇದು. ಸಂಘ ಮುಳುಗಿದರೆ ಪ್ರತಿ ಸದಸ್ಯನೂ ತಾನು ಹಾಕಿದ ಷೇರಿನ ಮಟ್ಟಿಗೆ ಮಾತ್ರವಲ್ಲ, ತನ್ನ ಮನೆ, ಗದ್ದೆ, ದನಕರುಗಳ ಮಟ್ಟಿಗೂ ಬಾಧ್ಯಸ್ಥ. ಪಕ್ಕದ ಮನೆಯವನು ಸಾಲ ತಿಂದು ಕೂತರೆ ನಮ್ಮ ಗದ್ದೆಗೆ ಬರುತ್ತಿತ್ತು ಹರಾಜು. ಹೀಗಿದ್ದ ಮೇಲೆ ಯಾರಿಗೆ ಎಷ್ಟು ಸಾಲ ಕೊಡಬೇಕು, ಅವನು ಅದನ್ನು ಬಿತ್ತನೆಗೆ ಹಾಕಿದನೋ ಇಸ್ಪೀಟಿಗೆ ಹಾಕಿದನೋ ಎಂದು ಊರೆಲ್ಲ ಕಣ್ಣಿಡದೆ ಬಿಡುತ್ತದೆಯೇ? ಠೇವಣಿ ಇಟ್ಟವನಿಗೆ ಇಡೀ ಊರೇ ಜಾಮೀನು.

ಈ ಪದ್ಧತಿ ಕಠಿಣವಾಗಿತ್ತು, ನಾಲ್ಕು ಕಾಸಿದ್ದವರು ಸಂಘಕ್ಕೆ ಸೇರಲು ಹೆದರುತ್ತಿದ್ದರು. 1954ರಲ್ಲಿ ಅಖಿಲ ಭಾರತ ಗ್ರಾಮೀಣ ಪತ್ತಿನ ಸಮೀಕ್ಷಾ ಸಮಿತಿ ಸೀಮಿತ ಹೊಣೆಗಾರಿಕೆಯ ದೊಡ್ಡ ಸಂಘಗಳು ಬೇಕೆಂದು ಹೇಳಿತು. ಕ್ರಮೇಣ ಹಾಗೆಯೇ ಆಯಿತು. ಸದಸ್ಯನ ಗದ್ದೆ ಉಳಿಯಿತು, ಒಳ್ಳೆಯದೇ. ಆದರೆ ಊರಿನ ಕಣ್ಣು ಸಡಿಲವಾಯಿತು. ಊರು ಜಾಮೀನಿನಿಂದ ಹಿಂದೆ ಸರಿದ ಜಾಗದಲ್ಲಿ ಇನ್ಯಾರಾದರೂ ಬಂದು ನಿಲ್ಲಬೇಕಿತ್ತು.

ಪಾಲೈ ಬ್ಯಾಂಕಿನ ಬೀಗ, ಠೇವಣಿ ವಿಮೆಯ ಹುಟ್ಟು

ಪಟ್ಟಣದ ಬ್ಯಾಂಕುಗಳ ಮಟ್ಟಿಗೆ ಅಂಥವರು ಬಂದು ನಿಂತರು. ಅದಕ್ಕೆ ಕಾರಣ ಕೇರಳದ ಒಂದು ದುರಂತ. 1960ರ ಆಗಸ್ಟ್ 8ರಂದು ಪಾಲೈ ಸೆಂಟ್ರಲ್ ಬ್ಯಾಂಕು ಮುಚ್ಚಿತು. ಅದೇ ವರ್ಷ ಲಕ್ಷ್ಮಿ ಬ್ಯಾಂಕ್ ಎಂಬುದೂ ಬಿತ್ತು. ಊರೂರಿನ ಸಣ್ಣ ಬ್ಯಾಂಕುಗಳ ಮುಂದೆ ಜನ ರಶೀದಿ ಹಿಡಿದು ನಿಂತರು. ಸರ್ಕಾರ ಎಚ್ಚೆತ್ತು ಎರಡು ಕೆಲಸ ಮಾಡಿತು.

ಮೊದಲನೆಯದು ವಿಲೀನ. ಸೋತ ಬ್ಯಾಂಕನ್ನು ಬೀಳಲು ಬಿಡದೆ ಗಟ್ಟಿ ಬ್ಯಾಂಕಿನ ಮಡಿಲಿಗೆ ಹಾಕುವ ಅಧಿಕಾರವನ್ನು 1960ರಲ್ಲಿ ಕಾನೂನಿಗೆ ಸೇರಿಸಿದರು. ಕಾನೂನಿನ ಒತ್ತಾಯಕ್ಕೋ ತಾವಾಗಿಯೇ ಒಪ್ಪಿಯೋ, ಆ ದಶಕದಲ್ಲಿ ಸಣ್ಣ ಬ್ಯಾಂಕುಗಳು ದೊಡ್ಡದರಲ್ಲಿ ಸೇರಿಕೊಂಡವು. ನಮ್ಮ ರಾಜ್ಯದಲ್ಲೇ 1960ರಲ್ಲಿ ಶೃಂಗೇರಿ ಶಾರದಾ ಬ್ಯಾಂಕು, 1964ರಲ್ಲಿ ಚಿತ್ರದುರ್ಗದ ಬ್ಯಾಂಕು, 1966ರಲ್ಲಿ ಹುಬ್ಬಳ್ಳಿಯ ಬ್ಯಾಂಕ್ ಆಫ್ ಕರ್ನಾಟಕ, ಈ ಮೂರನ್ನೂ ಮಂಗಳೂರಿನ ಕರ್ಣಾಟಕ ಬ್ಯಾಂಕು ತನ್ನೊಳಗೆ ತೆಗೆದುಕೊಂಡಿತು. ಮೂಲ್ಕಿ ಸುಂದರರಾಮ ಶೆಟ್ಟರ ವಿಜಯಾ ಬ್ಯಾಂಕು 1963ರಿಂದ 1968ರೊಳಗೆ ಒಂಬತ್ತು ಸಣ್ಣ ಬ್ಯಾಂಕುಗಳನ್ನು ಸೇರಿಸಿಕೊಂಡಿತು. ಹೀಗಾದಾಗ ಠೇವಣಿದಾರನಿಗೆ ಬದಲಾಗುವುದು ಪಾಸ್‌ಬುಕ್ಕಿನ ಬಣ್ಣ ಮಾತ್ರ.

ಎರಡನೆಯದು ಠೇವಣಿ ವಿಮೆ. ಅಮೆರಿಕದಲ್ಲಿ ಸಾವಿರಾರು ಬ್ಯಾಂಕುಗಳು ಮುಳುಗಿದ ಮೇಲೆ 1933ರಲ್ಲಿ ಈ ಏರ್ಪಾಟು ಬಂದಿತ್ತು. ನಮ್ಮಲ್ಲಿ 1961ರಲ್ಲಿ ಕಾಯಿದೆಯಾಗಿ 1962ರ ಜನವರಿ 1ರಿಂದ ಜಾರಿಯಾಯಿತು. ಬ್ಯಾಂಕು ಮುಳುಗಿದರೆ ಪ್ರತಿ ಠೇವಣಿದಾರನಿಗೆ 1,500 ರೂಪಾಯಿವರೆಗೆ ವಿಮಾ ನಿಗಮ ಕೊಡುತ್ತದೆ ಎಂಬುದು ಮೊದಲ ಮಾತು. ಅದನ್ನು 1968ರಲ್ಲಿ 5,000, 1970ರಲ್ಲಿ 10,000, 1976ರಲ್ಲಿ 20,000, 1980ರಲ್ಲಿ 30,000, 1993ರಲ್ಲಿ 1 ಲಕ್ಷ, ಕೊನೆಗೆ 2020ರ ಫೆಬ್ರವರಿ 4ರಿಂದ 5 ಲಕ್ಷ ರೂಪಾಯಿಗೆ ಏರಿಸಿದರು. ಇದರ ಕಂತನ್ನು ಕಟ್ಟುವುದು ಬ್ಯಾಂಕೇ ಹೊರತು ಠೇವಣಿದಾರನಲ್ಲ. 2020ರಲ್ಲಿ ಆ ಕಂತನ್ನು ನೂರು ರೂಪಾಯಿ ಠೇವಣಿಗೆ ವರ್ಷಕ್ಕೆ 10 ಪೈಸೆಯಿಂದ 12 ಪೈಸೆಗೆ ಹೆಚ್ಚಿಸಿದರು.

ಸಹಕಾರಿ ಬ್ಯಾಂಕುಗಳನ್ನು ಮೊದಲು ಈ ಕೊಡೆಯ ಕೆಳಗೆ ಸೇರಿಸಿರಲಿಲ್ಲ. 1968ರ ತಿದ್ದುಪಡಿಯಿಂದ ದಾರಿಯಾಗಿ 1971ರಿಂದ ರಾಜ್ಯ ಸಹಕಾರಿ ಬ್ಯಾಂಕು, ಜಿಲ್ಲಾ ಕೇಂದ್ರ ಬ್ಯಾಂಕು, ಪಟ್ಟಣ ಸಹಕಾರಿ ಬ್ಯಾಂಕುಗಳು ಸೇರುತ್ತ ಬಂದವು.

ಇಲ್ಲಿ ಕೆಲವು ಸೂಕ್ಷ್ಮಗಳನ್ನು ಎಲ್ಲರೂ ನೆನಪಿಡಬೇಕು. 5 ಲಕ್ಷವೆಂದರೆ ಅಸಲು ಬಡ್ಡಿ ಎರಡೂ ಸೇರಿ. ಒಂದೇ ಬ್ಯಾಂಕಿನ ಮೂರು ಶಾಖೆಗಳಲ್ಲಿ ಒಬ್ಬರ ಹೆಸರಲ್ಲೇ ಇಟ್ಟರೂ ಎಲ್ಲವನ್ನೂ ಕೂಡಿಸಿಯೇ ಲೆಕ್ಕ. ಬೇರೆ ಬೇರೆ ಬ್ಯಾಂಕಿನಲ್ಲಿಟ್ಟರೆ ಒಂದೊಂದಕ್ಕೂ ಪ್ರತ್ಯೇಕ. ಷೇರು ಹಣಕ್ಕೆ ಈ ವಿಮೆ ಇಲ್ಲ.

ಬಸವನಗುಡಿಯ ಸರತಿ ಸಾಲು

ಇಷ್ಟೆಲ್ಲ ಇದ್ದ ಮೇಲೂ 2020ರ ಜನವರಿಯಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ಜನ ಸಾಲುಗಟ್ಟಿ ನಿಂತು ಕಣ್ಣೀರಿಟ್ಟದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದೆವು. ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಒಬ್ಬ ಠೇವಣಿದಾರ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ಅಲ್ಲಿದ್ದ ಠೇವಣಿ ಸುಮಾರು 2,400 ಕೋಟಿ ರೂಪಾಯಿ. ಇಟ್ಟವರಲ್ಲಿ ಬಹಳ ಮಂದಿ ನಿವೃತ್ತರು. ಬೇರೆ ಕಡೆಗಿಂತ ಬಡ್ಡಿ ಜಾಸ್ತಿ, ಗುರುಗಳ ಹೆಸರು, ಪರಿಚಯದವರ ಬ್ಯಾಂಕು ಎಂಬ ನಂಬಿಕೆ. ಕೆಲವೇ ದೊಡ್ಡ ಸಾಲಗಾರರಿಗೆ ಕೊಟ್ಟ ಹಣ ವಾಪಸು ಬಾರದೇ ಇದ್ದದ್ದು ತಪಾಸಣೆಯಲ್ಲಿ ಹೊರಬಿತ್ತು.

"ವಿಮೆ ಇದೆಯಲ್ಲ, ಕೊಡಿ" ಎಂದರೆ ಕೊಡುವ ಹಾಗಿರಲಿಲ್ಲ. ಬ್ಯಾಂಕಿನ ಪರವಾನಗಿ ರದ್ದಾಗಿ ಸಮಾಪನೆಗೆ ಹೋದರೆ ಮಾತ್ರ ವಿಮೆಯ ಹಣ ಎಂಬುದು ಆಗಿನ ಕಾನೂನು. ಬ್ಯಾಂಕು ಪೂರ್ತಿ ಸಾಯಲೂ ಇಲ್ಲ, ಬದುಕಲೂ ಇಲ್ಲ. ಔಷಧಿಗೆ ದುಡ್ಡಿಲ್ಲ, ಮಗಳ ಮದುವೆ ನಿಂತಿತು ಎಂದು ಜನ ಗೋಳಾಡಿದರು. ಅದಕ್ಕೂ ಕೆಲವೇ ತಿಂಗಳ ಹಿಂದೆ, 2019ರ ಸೆಪ್ಟೆಂಬರಿನಲ್ಲಿ, ಮುಂಬಯಿಯ ಪಿ.ಎಂ.ಸಿ. ಬ್ಯಾಂಕಿನಲ್ಲೂ ಇದೇ ಗತಿಯಾಗಿತ್ತು. ಈ ಎರಡು ಊರಿನ ಠೇವಣಿದಾರರ ಕೂಗಿನ ಹಿನ್ನೆಲೆಯಲ್ಲಿ 2021ರಲ್ಲಿ ಕಾನೂನು ತಿದ್ದಿದರು. ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದರೆ ಸಾಮಾನ್ಯವಾಗಿ 90 ದಿನದೊಳಗೆ 5 ಲಕ್ಷದವರೆಗಿನ ಹಣ ಸಿಗಬೇಕೆಂಬುದು ಆ ವರ್ಷ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಬಸವನಗುಡಿಯವರಿಗೂ ಆ ದಾರಿಯಿಂದಲೇ ವಿಮೆ ಹಣ ಕೈಸೇರಿತು. 5 ಲಕ್ಷಕ್ಕಿಂತ ಹೆಚ್ಚು ಇಟ್ಟಿದ್ದವರು ಮಾತ್ರ ಮಿಕ್ಕದ್ದಕ್ಕೆ ಸಾಲ ವಸೂಲಾತಿಯ ದಾರಿ ಕಾಯಬೇಕಾಯಿತು.

ಆಮೇಲೆ ನಮ್ಮ ರಾಜ್ಯದಲ್ಲೇ ಬೇರೆ ಬೇರೆ ಬಗೆಯ ಕೊನೆಗಳನ್ನು ನೋಡಿದ್ದೇವೆ. 2022ರಲ್ಲಿ ವಿಜಯಪುರದ ಡೆಕ್ಕನ್ ಅರ್ಬನ್, 2023ರಲ್ಲಿ ತುಮಕೂರಿನ ಶ್ರೀ ಶಾರದಾ ಮಹಿಳಾ, 2025ರಲ್ಲಿ ಕಾರವಾರ ಅರ್ಬನ್ ಸಹಕಾರಿ ಬ್ಯಾಂಕುಗಳ ಪರವಾನಗಿ ರದ್ದಾಯಿತು. ಮೂರರಲ್ಲೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಠೇವಣಿದಾರರ ಪೂರ್ತಿ ಹಣ ವಿಮೆಯೊಳಗೇ ಬರುವಂತಿತ್ತು. ಬೆಂಗಳೂರಿನ ನ್ಯಾಷನಲ್ ಕೋ-ಆಪರೇಟಿವ್ ಬ್ಯಾಂಕು 2023ರಲ್ಲಿ ನಿರ್ಬಂಧಕ್ಕೊಳಗಾಗಿ, 2025ರ ಜನವರಿಯಲ್ಲಿ ಪುಣೆಯ ಕಾಸ್ಮಾಸ್ ಬ್ಯಾಂಕಿನಲ್ಲಿ ಸೇರಿಹೋಯಿತು. ದೊಡ್ಡ ವಾಣಿಜ್ಯ ಬ್ಯಾಂಕುಗಳ ವಿಚಾರ ಬಂದರೆ, 2020ರಲ್ಲಿ ಯೆಸ್ ಬ್ಯಾಂಕನ್ನು ಸ್ಟೇಟ್ ಬ್ಯಾಂಕು ಮೊದಲಾದವು ಬಂಡವಾಳ ಹಾಕಿ ಎತ್ತಿ ನಿಲ್ಲಿಸಿದವು, ಲಕ್ಷ್ಮಿ ವಿಲಾಸ ಬ್ಯಾಂಕನ್ನು ಡಿ.ಬಿ.ಎಸ್. ಬ್ಯಾಂಕಿಗೆ ಸೇರಿಸಿದರು. ಠೇವಣಿದಾರರು ಕೆಲವು ದಿವಸ ಪರದಾಡಿದರೂ ಹಣ ಉಳಿಯಿತು. ಲಕ್ಷ್ಮಿ ವಿಲಾಸದ ಷೇರುದಾರರ ಷೇರು ಮಾತ್ರ ಸೊನ್ನೆಯಾಯಿತು.

ನಷ್ಟ ಮೊದಲು ಯಾರ ಬಾಗಿಲು ತಟ್ಟುತ್ತದೆ

ಇಷ್ಟು ಕಥೆಗಳನ್ನೂ ಜೋಡಿಸಿ ನೋಡಿದರೆ ಒಂದು ಕ್ರಮ ಕಾಣುತ್ತದೆ. ಬ್ಯಾಂಕಿನಲ್ಲಾಗಲಿ ಸಂಘದಲ್ಲಾಗಲಿ ನಷ್ಟ ನೇರವಾಗಿ ಬಂದು ಠೇವಣಿದಾರನ ಮೇಲೆ ಬೀಳುವುದಿಲ್ಲ. ಅದಕ್ಕೆ ದಾಟಬೇಕಾದ ಬದುಗಳಿವೆ. ಸಾಲಗಾರ ಕಟ್ಟದಿದ್ದರೆ ಅವನ ಆಧಾರ, ಜಾಮೀನು. ಅದೂ ಸಾಲದಿದ್ದರೆ ಆ ವರ್ಷದ ಲಾಭ. ಆಮೇಲೆ ಹಿಂದಿನ ವರ್ಷಗಳ ಮೀಸಲು ನಿಧಿ. ಆಮೇಲೆ ಷೇರು ಬಂಡವಾಳ. ಇಷ್ಟೂ ಬದು ಒಡೆದ ಮೇಲೆಯೇ ನೀರು ಠೇವಣಿಯ ಗದ್ದೆಗೆ ನುಗ್ಗುವುದು.

ಲೆಕ್ಕದಲ್ಲಿ ನೋಡೋಣ. ಒಂದು ಸಂಸ್ಥೆಯ ಷೇರು, ಮೀಸಲು ಎಲ್ಲ ಸೇರಿ 10 ರೂಪಾಯಿ, ಠೇವಣಿ 90 ರೂಪಾಯಿ. ಒಟ್ಟು 100 ರೂಪಾಯಿಯನ್ನೂ ಸಾಲ ಕೊಟ್ಟಿದೆ ಎನ್ನಿ. 8 ರೂಪಾಯಿ ಬಾರದೇ ಹೋದರೆ ಸಂಸ್ಥೆಗೆ ಪೆಟ್ಟು, ಠೇವಣಿದಾರನಿಗೆ ಏನೂ ಇಲ್ಲ. 20 ರೂಪಾಯಿ ಮುಳುಗಿದರೆ ಉಳಿದದ್ದು 80, ಕೊಡಬೇಕಾದದ್ದು 90. ಆಗ ಸುದ್ದಿ ಹಬ್ಬಿ ಮೊದಲು ಓಡಿ ಬಂದವನು ಪೂರ್ತಿ ತೆಗೆದುಕೊಂಡು ಹೋದರೆ, ಕೊನೆಗೆ ಬಂದ ಮುದುಕಿಗೆ ಖಾಲಿ ಪೆಟ್ಟಿಗೆ. ರಿಸರ್ವ್ ಬ್ಯಾಂಕು ಹಣ ತೆಗೆಯುವುದಕ್ಕೆ ಮಿತಿ ಹಾಕುವುದು ಈ ಅನ್ಯಾಯ ಆಗದಿರಲಿ ಎಂದೇ. ಠೇವಣಿ ವಿಮೆಯೆಂದರೆ ಕೊನೆಯ ಬದುವೂ ಒಡೆದಾಗ ಬಂದು ನಿಲ್ಲುವ ಇನ್ನೊಂದು ಗೋಡೆ.

ನಮ್ಮ ಸಂಘದ ಮಾತು

ಈಗ ಜಗಲಿಯ ಮೇಲೆ ಕೇಳಿದ ಪ್ರಶ್ನೆಗೆ ಬರೋಣ. ಆ ಗೋಡೆ ನಮ್ಮ ಸಂಘಕ್ಕೆ ಇದೆಯೇ? ಬಹಳ ಸದಸ್ಯರು ಇದೆ ಎಂದೇ ತಿಳಿದಿದ್ದಾರೆ. ಇಲ್ಲ. ಪ್ರಾಥಮಿಕ ಸಹಕಾರ ಸಂಘದಲ್ಲಿ ಸದಸ್ಯರು ಇಡುವ ಠೇವಣಿಗೆ ಈ ವಿಮೆ ಅನ್ವಯಿಸುವುದಿಲ್ಲ. ಊರಲ್ಲಿ ಎಲ್ಲರೂ 'ಸೊಸೈಟಿ ಬ್ಯಾಂಕು' ಎನ್ನುತ್ತಾರೆ, ಆದರೆ ಕಾನೂನಿನ ಕಣ್ಣಲ್ಲಿ ಸಂಘ ಬ್ಯಾಂಕಲ್ಲ. ಸಹಕಾರ ಸಂಘಗಳು ಹೆಸರಿನಲ್ಲಿ 'ಬ್ಯಾಂಕ್' ಎಂಬ ಪದ ಬಳಸಬಾರದು, ಅಲ್ಲಿನ ಠೇವಣಿಗೆ ವಿಮೆ ಇಲ್ಲ ಎಂದು ರಿಸರ್ವ್ ಬ್ಯಾಂಕೇ 2021ರ ನವೆಂಬರಿನಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತು. 1997ರ ಸೌಹಾರ್ದ ಕಾಯಿದೆಯ ಕೆಳಗೆ ಹುಟ್ಟಿದ ಪತ್ತಿನ ಸಹಕಾರಿಗಳಿಗೂ ಇದೇ ಮಾತು.

ನಮ್ಮಂಥ ಸಂಘಗಳು ತಮ್ಮ ಹಣವನ್ನು ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕಿನಲ್ಲೋ ಬೇರೆ ಬ್ಯಾಂಕಿನಲ್ಲೋ ಇಡುತ್ತವಲ್ಲ, ಅದಕ್ಕೆ ವಿಮೆ ಇಲ್ಲವೇ ಎಂದು ಕೇಳಬಹುದು. ವಿಮೆಯ ಲೆಕ್ಕದಲ್ಲಿ ಸಂಘವೆಂದರೆ ಒಬ್ಬ ಠೇವಣಿದಾರ. ಅದರ ಹಿಂದೆ ನಿಂತ ನೂರಾರು ಸದಸ್ಯರನ್ನು ಬಿಡಿಬಿಡಿಯಾಗಿ ಎಣಿಸುವುದಿಲ್ಲ. ಪಿ.ಎಂ.ಸಿ. ಬ್ಯಾಂಕನ್ನು 2022ರ ಜನವರಿಯಲ್ಲಿ ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿಗೆ ಸೇರಿಸಿದಾಗ, ದೊಡ್ಡ ಮೊತ್ತ ಇಟ್ಟಿದ್ದ ಸಾಮಾನ್ಯ ಠೇವಣಿದಾರರಿಗೆ ಹತ್ತು ವರ್ಷದವರೆಗೆ ಕಂತು ಮಾಡಿದರು. ಸಂಸ್ಥೆಗಳು ಇಟ್ಟಿದ್ದ, ವಿಮೆಗೆ ಸೇರದ ಠೇವಣಿಯಲ್ಲಿ ನೂರಕ್ಕೆ ಎಂಬತ್ತನ್ನು ವರ್ಷಕ್ಕೆ ಶೇ. 1ರ ಲಾಭಾಂಶದ ಆದ್ಯತಾ ಷೇರಾಗಿ ಬದಲಾಯಿಸಿಬಿಟ್ಟರು. ಸಂಘದ ಹಣವನ್ನು ಎಲ್ಲಿಡಬೇಕೆಂದು ತೀರ್ಮಾನ ಮಾಡುವ ಆಡಳಿತ ಮಂಡಲಿಗೆ ಇದೊಂದು ಪಾಠ. ಕಾಲು ಪರ್ಸೆಂಟ್ ಬಡ್ಡಿ ಜಾಸ್ತಿ ಎಂದು ಎಲ್ಲವನ್ನೂ ಒಂದೇ ಕಡೆ ಸುರಿಯುವುದು ಜಾಣತನವಲ್ಲ.

ಹಾಗಾದರೆ ನಮಗೆ ದಿಕ್ಕಿಲ್ಲವೇ? ಇದೆ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆ ಕೆಲವು ಬದುಗಳನ್ನು ಕಟ್ಟಿಕೊಟ್ಟಿದೆ. ನಿವ್ವಳ ಲಾಭದಲ್ಲಿ ನೂರಕ್ಕೆ 25ರಷ್ಟನ್ನಾದರೂ ಮೀಸಲು ನಿಧಿಗೆ ಹಾಕಲೇಬೇಕು. ಪ್ರತಿ ವರ್ಷ ಲೆಕ್ಕ ಪರಿಶೋಧನೆ ಆಗಬೇಕು. ವ್ಯವಹಾರದಲ್ಲಿ ಸಂಶಯ ಬಂದರೆ ಇಲಾಖೆಯಿಂದ ವಿಚಾರಣೆ, ಹಣ ದುರುಪಯೋಗ ಮಾಡಿದವರಿಂದ ಅವರ ಸ್ವಂತದ್ದರಿಂದಲೇ ವಸೂಲಿ. ಆದರೆ ಇವೆಲ್ಲ ಕೇಳುವವರಿದ್ದರೆ ನಡೆಯುವ ಕೆಲಸಗಳು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲ.

ನಮ್ಮ ಮಹಾಸಭೆಗಳ ಬಗ್ಗೆ ಸತ್ಯವನ್ನೇ ಹೇಳಬೇಕು. ವರದಿ ಓದುವಾಗ ಊಟದ ಕಡೆ ಗಮನ. ಡಿವಿಡೆಂಡ್ ಎಷ್ಟು ಎಂದು ನಾಲ್ಕು ಮಂದಿ ಕೇಳುತ್ತಾರೆ, ಸುಸ್ತಿ ಎಷ್ಟು ಎಂದು ಒಬ್ಬರೂ ಕೇಳುವುದಿಲ್ಲ. ಕೇಳಿದರೆ ಪಕ್ಕದವನ ಹೆಸರು ಬಂದೀತು ಎಂಬ ದಾಕ್ಷಿಣ್ಯ. ನಾವೂ ಹಾಗೆಯೇ ಎಷ್ಟೋ ವರ್ಷ ಸುಮ್ಮನೆ ಕೂತಿದ್ದೇವೆ. ಇನ್ನು ಮುಂದೆ ಪ್ರತಿ ಮಹಾಸಭೆಯಲ್ಲೂ ನಾಲ್ಕು ಪ್ರಶ್ನೆ ತಪ್ಪದೆ ಎದ್ದು ಬರಲಿ. ಕೊಟ್ಟ ಸಾಲದಲ್ಲಿ ಎಷ್ಟು ಪಾಲು ಸುಸ್ತಿಯಾಗಿದೆ? ಮೀಸಲು ನಿಧಿ ಎಷ್ಟಿದೆ, ಎಲ್ಲಿ ತೊಡಗಿಸಿದ್ದೀರಿ? ಆಡಳಿತ ಮಂಡಲಿಯವರಿಗೂ ಅವರ ನೆಂಟರಿಗೂ ಕೊಟ್ಟ ಸಾಲ ಎಷ್ಟು? ಆಡಿಟರು ಎತ್ತಿದ ಆಕ್ಷೇಪಣೆ ಯಾವುವು, ಉತ್ತರ ಕೊಟ್ಟಿದ್ದೀರಾ? ಈ ನಾಲ್ಕಕ್ಕೆ ಅಳುಕದೆ ಉತ್ತರ ಬರುವ ಸಂಘದಲ್ಲಿ ದುಡ್ಡಿಡಬಹುದು. ಉತ್ತರ ಕೊಡದೆ ಗದರುವ ಕಡೆ, ಬೇರೆಯವರಿಗಿಂತ ಮೂರು ಪರ್ಸೆಂಟ್ ಹೆಚ್ಚು ಬಡ್ಡಿ ಕೊಡುತ್ತೇವೆನ್ನುವ ಕಡೆ ಎಚ್ಚರ.

ಸಾಲ ತಂದವರಿಗೂ ಒಂದು ಮಾತು. 2017ರಲ್ಲಿ ಸಹಕಾರಿ ಬೆಳೆ ಸಾಲ 50,000 ರೂಪಾಯಿವರೆಗೆ, 2018ರಲ್ಲಿ 1 ಲಕ್ಷದವರೆಗೆ ಮನ್ನಾ ಆಯಿತು. ಕಷ್ಟದಲ್ಲಿದ್ದ ರೈತನಿಗೆ ಅದು ಆಸರೆಯಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಮುಂದಿನ ಮನ್ನಾ ಯಾವಾಗ ಎಂದು ಶಕ್ತಿಯಿದ್ದವನೂ ಕಾಯುತ್ತ ಕೂತರೆ, ಅವನು ಕಾಯಿಸುತ್ತಿರುವುದು ಸರ್ಕಾರವನ್ನಲ್ಲ, ಸೆರಗಿನಲ್ಲಿ ರಶೀದಿ ಕಟ್ಟಿಕೊಂಡ ತನ್ನ ಬೀದಿಯ ಮುದುಕಿಯನ್ನು. ವಿಮಾ ನಿಗಮ ನಿಲ್ಲದ ಜಾಗದಲ್ಲಿ ನಿಂತಿರುವುದು ಸಾಲಗಾರನ ನಿಯತ್ತು. ಕಂತು ಕಟ್ಟುವ ಪ್ರತಿಯೊಬ್ಬನೂ ಇನ್ನೊಬ್ಬರ ಠೇವಣಿಗೆ ವಿಮೆ ಮಾಡಿಸಿದ ಹಾಗೆ. ಅಪರಿಮಿತ ಹೊಣೆಗಾರಿಕೆ ಕಾನೂನಿನ ಪುಸ್ತಕದಿಂದ ಹೋದರೂ ಹಳ್ಳಿಯಲ್ಲಿ ಅದರ ನೆರಳು ಇನ್ನೂ ಹೋಗಿಲ್ಲ ಎನ್ನುವುದು ಹೀಗೆ.

ಕೊನೆಯದಾಗಿ

ಆ ತಾಯಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಕೊಡುತ್ತೇವೆ. "ಅಮ್ಮಾ, ದೊಡ್ಡ ಬ್ಯಾಂಕಿನಲ್ಲಿ, ಡಿ.ಸಿ.ಸಿ. ಬ್ಯಾಂಕಿನಲ್ಲಿ ಇಟ್ಟಿದ್ದರೆ 5 ಲಕ್ಷದವರೆಗೆ ವಿಮೆ ಇದೆ, ತಡವಾದರೂ ಬರ್ತದೆ. ನಮ್ಮ ಸಂಘದಲ್ಲಿಟ್ಟದ್ದಕ್ಕೆ ಅಂಥ ವಿಮೆ ಇಲ್ಲ. ಇಲ್ಲಿ ನಿಮ್ಮ ದುಡ್ಡು ಕಾಯೋರು ನಾವೇ, ನಮ್ಮನ್ನ ಕಾಯೋರು ನೀವು. ಮಹಾಸಭೆಗೆ ಬನ್ನಿ, ಲೆಕ್ಕ ಕೇಳಿ. ಇರೋ ದುಡ್ಡನ್ನೆಲ್ಲ ಒಂದೇ ಕಡೆ ಇಡಬೇಡಿ, ನಮ್ಮಲ್ಲೂ ಅಷ್ಟೇ." ಸಂಘದವರೇ ಹೀಗೆ ಹೇಳಿದರೆ ಠೇವಣಿ ಕಮ್ಮಿಯಾದೀತೆಂದು ಹೆದರುವವರಿದ್ದಾರೆ. ನಮ್ಮ ನಂಬಿಕೆ ಹಾಗಲ್ಲ. ಗೊತ್ತಿಲ್ಲದೆ ಇಟ್ಟ ನಂಬಿಕೆ ಒಂದು ಗಾಳಿಸುದ್ದಿಗೇ ಓಡಿಹೋಗುತ್ತದೆ. ಗೊತ್ತಿದ್ದು ಇಟ್ಟ ನಂಬಿಕೆ ನಿಲ್ಲುತ್ತದೆ.

ಕೇಶವ ದೇವಾಲಯದ ಕಾಲದವರು ಇಟ್ಟ ಗದ್ಯಾಣದ ಬಡ್ಡಿಯ ದೀಪಗಳು ಎಂದೋ ಆರಿವೆ. ಶಾಪದ ಸಾಲು ಕಲ್ಲಿನ ಮೇಲೆ ಉಳಿದಿದೆ, ಕಾಯುವ ಮಹಾಜನರು ಉಳಿಯಲಿಲ್ಲ. ನಮ್ಮ ಸಂಘದ ಮಹಾಜನರೆಂದರೆ ನಾವು ನೀವೇ. ಬೆಳ್ಳಿಹಬ್ಬ ಮುಗಿಸಿ ಸುವರ್ಣ ಮಹೋತ್ಸವದ ಕಡೆ ಹೊರಟಿರುವ ಈ ಹೊತ್ತಿನಲ್ಲಿ, ಮುಂದಿನ ಮಹಾಸಭೆಗೆ ಎಲ್ಲ ಸದಸ್ಯ ಬಾಂಧವರೂ ಊಟದ ಹೊತ್ತಿಗಲ್ಲದೆ ಲೆಕ್ಕದ ಹೊತ್ತಿಗೇ ಬರಬೇಕೆಂದು ಪ್ರಾರ್ಥಿಸಿ ಈ ಲೇಖನ ಮುಗಿಸುತ್ತೇವೆ.